ಬಡಗಿಯ ಖಾತೆಯ ಖರ್ಚಿನ ಬದಿ

ಬರಿಗೈಯಲ್ಲಿ ಬಂದು ಸಾಹುಕಾರರಾದವರ ಕಥೆಗಳು ವರ್ತಕರಾದ ನಮಗೆ ಬಲು ಪ್ರಿಯ. ಆದರೆ ಅಂಥ ಖಾತೆಯಲ್ಲಿ ನಾವು ಜಮೆಯ ಬದಿಯನ್ನಷ್ಟೇ ಓದುತ್ತೇವೆಂಬುದು ನನ್ನ ಆಕ್ಷೇಪ.

ಫ್ರೆಡರಿಕ್ ಫಿಲಿಪ್ಸ್‌ನನ್ನೇ ನೋಡಿ. 1626ರಲ್ಲಿ ನೆದರ್‌ಲೆಂಡ್ಸಿನಲ್ಲಿ ಜನಿಸಿದ ಈತ ಡಚ್ ವೆಸ್ಟ್ ಇಂಡಿಯಾ ಕಂಪನಿಯ ಬಡಗಿಯಾಗಿ ಇಂದಿನ ನ್ಯೂಯಾರ್ಕಿಗೆ ವಲಸೆ ಬಂದನು. 1664ರಲ್ಲಿ ಊರು ಇಂಗ್ಲಿಷರ ವಶವಾದಾಗ ಹೊಸ ದೊರೆಗೆ ನಿಷ್ಠೆ ತೋರಿ, ಕ್ರಮೇಣ ನಗರಾಡಳಿತದ ಆಲ್ಡರ್‌ಮನ್ನನೂ ಗವರ್ನರನ ಸಲಹಾ ಸಭೆಯ ಸದಸ್ಯನೂ ಆದನು. 1693ರಲ್ಲಿ ಸುಮಾರು 50 ಸಾವಿರ ಎಕರೆಯ ಜಹಗೀರು ಅವನದಾಯಿತು.

ಇದೆಲ್ಲ ಉಳಿಯ ಬಲದಿಂದ ಬಂದುದೇ? 1662ರಲ್ಲಿ ಅವನು ಕೈಹಿಡಿದ ವಿಧವೆ ಮಾರ್ಗರೆಟ್ ಹಾರ್ಡೆನ್‌ಬ್ರೂಕ್ ಸ್ವತಃ ನುರಿತ ವರ್ತಕಿ, ಹಡಗುಗಳ ಒಡತಿ. 1685ರಲ್ಲಿ ಅವರ ‘ಚಾರ್ಲ್ಸ್’ ಹಡಗು ಆಫ್ರಿಕಾದಿಂದ ಗುಲಾಮರನ್ನು ಹೊತ್ತು ತಂದಿತು. ಅಂಥವರ ಕೂಲಿಯಿಲ್ಲದ ದುಡಿಮೆಯಿಂದ ಜಹಗೀರಿನ ಹಿಟ್ಟಿನ ಗಿರಣಿ ತಿರುಗಿತು. ‘ಸ್ವಂತ ಪರಿಶ್ರಮ’ವೆಂಬ ಪದವನ್ನು ನಾವು ಇನ್ನಷ್ಟು ಜಿಪುಣತನದಿಂದ ಬಳಸಬೇಕು.

ಅಧಿಕಾರದ ಫಲವೂ ಸಣ್ಣದಲ್ಲ. ಮ್ಯಾನ್‌ಹಟನ್ ದ್ವೀಪವನ್ನು ಹೊರನಾಡಿಗೆ ಜೋಡಿಸುವ ಕಿಂಗ್ಸ್ ಬ್ರಿಜ್ ಕಟ್ಟಿ ಸುಂಕವೆತ್ತುವ ಹಕ್ಕು ದೊರೆತದ್ದು ಸಲಹಾ ಸಭೆಯಲ್ಲಿದ್ದ ಈತನಿಗೇ. ಪೇಟೆಗೆ ಸರಕು ತರುವ ರೈತ, ವ್ಯಾಪಾರಿಗಳಿಗೆ ಅದು ತಲೆಮಾರುಗಳ ಹೊರೆಯಾಯಿತು. ಟೋಲ್ ರಸೀತಿಗಳನ್ನು ಕೂಡಿಡುವ ನಮ್ಮ ಸದಸ್ಯರಿಗೆ ಇದನ್ನು ವಿವರಿಸಬೇಕಿಲ್ಲ! ಫಿಲಿಪ್ಸ್ 1702ರಲ್ಲಿ ತೀರಿಕೊಂಡನು. ಸುಂಕ ಮಾತ್ರ ಮುಂದುವರಿಯಿತು. ಕೊನೆಗೆ ಬೇಸತ್ತ ಸುತ್ತಲಿನವರು ಸಮೀಪದಲ್ಲೇ ಇನ್ನೊಂದು ಸೇತುವೆ ಕಟ್ಟಿದರು. 1759ರಲ್ಲಿ ತೆರೆದ ಅದರ ಹೆಸರೇ ‘ಫ್ರೀ ಬ್ರಿಜ್’.