ಕೆನ್ಸಿಂಗ್ಟನ್ ಕಲ್ಲು: ಕೂಟಶಾಸನದ ಪರವಾದ ವಕಾಲತ್ತು

ಅಮೆರಿಕದ ಮಿನೆಸೋಟ ರಾಜ್ಯದ ಅಲೆಗ್ಸಾಂಡ್ರಿಯಾ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ರೂನ್ ಲಿಪಿಯ ಕಲ್ಲೊಂದಿದೆ. ಸ್ವೀಡನ್ನಿನಿಂದ ವಲಸೆ ಬಂದಿದ್ದ ಓಲಾಫ್ ಓಮನ್ ಎಂಬ ರೈತನಿಗೆ 1898ರಲ್ಲಿ ಅದು ಮರದ ಬೇರುಗಳ ನಡುವೆ ದೊರೆಯಿತೆನ್ನಲಾಗಿದೆ. 1362ರಲ್ಲಿ ಅಲ್ಲಿಗೆ ಬಂದ ಸ್ವೀಡನ್ ಮತ್ತು ನಾರ್ವೆಯ 30 ಮಂದಿಯ ತಂಡದಲ್ಲಿ 10 ಮಂದಿ ಹತರಾದರೆಂಬುದು ಅದರ ಒಕ್ಕಣೆಯ ಸಾರ. ಇದನ್ನು ವೈಕಿಂಗರ ಶಾಸನವೆಂದು ಕೊಂಡಾಡುವವರು ಒಂದು ಸಣ್ಣ ಸಂಗತಿಯನ್ನು ಮರೆಯುತ್ತಾರೆ: ವೈಕಿಂಗ್ ಯುಗವು 11ನೆಯ ಶತಮಾನದಲ್ಲಿಯೇ ಮುಗಿದಿತ್ತು.

ಈ ಕಲ್ಲಿನ ವಕೀಲರ ಮೊದಲ ವಾದ, ಹೆಚ್ಚು ಓದದ ರೈತನಿಂದ ಇಂಥ ಕೃತ್ರಿಮ ಸಾಧ್ಯವಿಲ್ಲ ಎಂಬುದು. ಆದರೆ ಶಾಸನದ ಸತ್ಯಾಸತ್ಯತೆಯೂ ಅದನ್ನು ಕಂಡವನ ಸಜ್ಜನಿಕೆಯೂ ಬೇರೆ ಬೇರೆ ಪ್ರಶ್ನೆಗಳು. ಕೆತ್ತಿದವನು ಯಾರೆಂದು ತಿಳಿಯದೆಯೂ ಕೆತ್ತಿದ ಕಾಲವನ್ನು ಭಾಷೆಯಿಂದ ನಿರ್ಣಯಿಸಬಹುದು. 14ನೆಯ ಶತಮಾನದ ಸ್ವೀಡಿಷ್ ಭಾಷೆಯಲ್ಲಿ 'ನಾವು' ಎಂಬ ಕರ್ತೃವಿಗೆ ಬಹುವಚನದ ಕ್ರಿಯಾರೂಪವೇ ವಾಡಿಕೆ. ಕಲ್ಲಿನಲ್ಲಿರುವುದು ಆಧುನಿಕ ಆಡುಮಾತಿನ ಏಕವಚನ ರೂಪ. 'ಅನ್ವೇಷಣ ಯಾತ್ರೆ' ಎಂಬರ್ಥದ ಸಮಾಸಪದವೂ ಬಹಳ ಈಚಿನದು. ಅದರ ವಿಚಿತ್ರ ಅಕ್ಷರರೂಪಗಳಲ್ಲಿ ಹಲವು 1880ರ ದಶಕದ ಸ್ವೀಡಿಷ್ ದರ್ಜಿಯೊಬ್ಬನ ಟಿಪ್ಪಣಿಗಳಲ್ಲಿ ದೊರೆತಿವೆ. ಆ ಟಿಪ್ಪಣಿಗಳು 2004ರಲ್ಲಿ ಬೆಳಕಿಗೆ ಬಂದ ಮೇಲೂ ವಕಾಲತ್ತು ನಿಲ್ಲಲಿಲ್ಲ.

ಎರಡನೆಯ ವಾದ ಇನ್ನೂ ಜಾಣತನದ್ದು. 1960ರಲ್ಲಿ ಹೆಲ್ಗೆ ಇಂಗ್‌ಸ್ಟಾಡ್ ಮತ್ತು ಆನ್ ಸ್ಟೀನ್ ಇಂಗ್‌ಸ್ಟಾಡ್ ದಂಪತಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ನಾರ್ಸ್ ನೆಲೆಯನ್ನು ಪತ್ತೆಹಚ್ಚಿದರಲ್ಲವೇ, ಹಾಗಾದರೆ ಈ ಕಲ್ಲೂ ನಿಜವಿರಬಾರದೇಕೆ? ಉತ್ತರ ಸರಳ. ಅಲ್ಲಿ ಕಟ್ಟಡಗಳ ಅಡಿಪಾಯ, ಕಬ್ಬಿಣ ಕರಗಿಸಿದ ಕುರುಹು, ಕಂಚಿನ ಪಿನ್ನು, ನೂಲುವ ಕದಿರಿನ ಕಲ್ಲುಬಿಲ್ಲೆ ಎಲ್ಲವೂ ಉತ್ಖನನದಲ್ಲಿ ತಮ್ಮ ಪದರಗಳಲ್ಲಿಯೇ ದೊರೆತವು; 2021ರಲ್ಲಿ ಮರದ ಉಂಗುರಗಳ ಅಧ್ಯಯನವು ಅಲ್ಲಿ ಮರ ಕಡಿದ ವರ್ಷ 1021 ಎಂದು ಖಚಿತಪಡಿಸಿತು. ಒಂದೆಡೆ ನಿಜ ಸಿಕ್ಕಿತೆಂಬುದು ಮತ್ತೊಂದೆಡೆಯ ಸುಳ್ಳಿಗೆ ಸಾಕ್ಷಿಯಾಗದು.

ವಸ್ತು ನಿಜವಾಗಿದ್ದೂ ಸಾಕ್ಷ್ಯ ಸುಳ್ಳಾಗಬಹುದು. 1936ರಲ್ಲಿ ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಂ ಕೊಂಡ ಬಿಯರ್ಡ್‌ಮೋರ್ ಖಡ್ಗ ಮತ್ತು ಕೊಡಲಿಗಳು ಅಸಲಿ ನಾರ್ಸ್ ವಸ್ತುಗಳೇ. ಒಂಟಾರಿಯೊದ ಮಣ್ಣಿನಲ್ಲಿ ಸಿಕ್ಕವೆಂಬ ಕಥೆ ಮಾತ್ರ ಕಟ್ಟುಕಥೆ. 1965ರಲ್ಲಿ ಯೇಲ್ ವಿಶ್ವವಿದ್ಯಾಲಯ ಪ್ರಕಟಿಸಿದ ವಿನ್‌ಲ್ಯಾಂಡ್ ನಕ್ಷೆಯಲ್ಲಿ ಚರ್ಮಪತ್ರ 15ನೆಯ ಶತಮಾನದ್ದು, ಶಾಯಿಯೊಳಗಿನ ಟೈಟಾನಿಯಂ ಸಂಯುಕ್ತವಾದರೋ 20ನೆಯ ಶತಮಾನದ್ದು. 1974ರಲ್ಲಿಯೇ ವಾಲ್ಟರ್ ಮೆಕ್ರೋನ್ ಇದನ್ನು ಎತ್ತಿ ತೋರಿಸಿದರೂ ಯೇಲ್ ಅದನ್ನು ನಕಲಿಯೆಂದು ನಿಸ್ಸಂದಿಗ್ಧವಾಗಿ ಒಪ್ಪಿದ್ದು 2021ರಲ್ಲಿ. ಸಂಸ್ಥೆಯ ಪ್ರತಿಷ್ಠೆಯನ್ನೇ ಪ್ರಮಾಣವೆಂದು ಬಗೆದವರು ಅಷ್ಟು ಕಾಲ ಅದನ್ನು ಸಮರ್ಥಿಸುತ್ತಲೇ ಬಂದರು.

ಇದೆಲ್ಲ ನಿರುಪದ್ರವಿ ಸ್ಥಳಾಭಿಮಾನ, ಬಿಟ್ಟುಬಿಡಿ ಎನ್ನುವ ಉದಾರಿಗಳೂ ಇದ್ದಾರೆ. ಅವರು ಆ ನೆಲದ ಚರಿತ್ರೆಯನ್ನು ಓದಬೇಕು. 1862ರ ಯುದ್ಧದ ಬಳಿಕ ಡಕೋಟ ಜನರನ್ನು ಮಿನೆಸೋಟದಿಂದ ಹೊರಗಟ್ಟಲಾಯಿತು. ಕಲ್ಲು ಕಾಣಿಸಿಕೊಂಡದ್ದು ಮೂರೂವರೆ ದಶಕಗಳ ನಂತರ. ಐದು ಶತಮಾನಗಳ ಹಿಂದೆಯೇ ಇಲ್ಲಿ ನಮ್ಮವರ ನೆತ್ತರು ಹರಿದಿತ್ತೆಂದು ಸಾರುವ ಶಾಸನವು ವಲಸಿಗರಿಗೆ ಪ್ರಾಚೀನ ಹಕ್ಕನ್ನೂ ಹುತಾತ್ಮರನ್ನೂ ಒಮ್ಮೆಗೇ ಒದಗಿಸಿತು. ನೆಲ ಕಳೆದುಕೊಂಡವರು ಕೊಲೆಗಾರರ ಸ್ಥಾನಕ್ಕೆ ಬಂದು ನಿಂತರು. ಕೆತ್ತಿದವನ ಉದ್ದೇಶ ವಿನೋದವೇ ಇದ್ದಿರಬಹುದು, ಫಲವಂತೂ ವಿನೋದವಲ್ಲ.

'ಸುಳ್ಳೆಂದು ನೀವೇ ಸಾಧಿಸಿ' ಎಂಬ ಸವಾಲನ್ನು ವಿದ್ವತ್ತು ಒಪ್ಪಬೇಕಾಗಿಲ್ಲ. ಸಾಧಿಸುವ ಹೊಣೆ ಶಾಸನವನ್ನು ಮುಂದಿಟ್ಟವರದು. ಭಾಷೆ, ಲಿಪಿ, ದೊರೆತ ಪದರ, ಕೈಬದಲಾದ ಚರಿತ್ರೆ ಈ ನಾಲ್ಕರಲ್ಲಿ ಒಂದು ಮುರಿದರೂ ಉಳಿದವನ್ನು ಮರುಪರೀಕ್ಷಿಸಲೇಬೇಕು. ಕೆನ್ಸಿಂಗ್ಟನ್ ಕಲ್ಲು ಮೊದಲನೆಯದರಲ್ಲಿಯೇ ಸೋತಿದೆ. ಅದನ್ನು ಪ್ರದರ್ಶಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ಅದರ ಮುಂದಿನ ಫಲಕ 14ನೆಯ ಶತಮಾನವನ್ನು ಬಿಟ್ಟು 19ನೆಯ ಶತಮಾನದ ಮಾತನಾಡಲಿ.