ಮಾರಬಾರದು, ಬಾಡಿಗೆಗೆ ಕೊಡಬಾರದು

ಜಪಾನಿನ ಗಿಫು ಪ್ರಾಂತ್ಯದ ಶಿರಕಾವಾ-ಗೋ ಕಣಿವೆಯನ್ನು ನಾವು ಒಂದು ಶನಿವಾರ-ಭಾನುವಾರ ಸುತ್ತಿ ಬಂದೆವು. ನಗೋಯಾದಿಂದ ಬಸ್ಸಿನಲ್ಲಿ ಸುಮಾರು ಮೂರು ಗಂಟೆಯ ಹಾದಿ. ಸುತ್ತ ಕಾಡುಬೆಟ್ಟ, ಕೆಳಗೆ ಶೋಗಾವಾ ನದಿ, ಗದ್ದೆಗಳ ನಡುವೆ ಓಗಿಮಾಚಿ ಎಂಬ ಊರು. ಮನೆಗಳ ಹುಲ್ಲುಮಾಡು ಕೈಮುಗಿದಂತೆ ಕಡಿದಾಗಿ ನಿಂತಿದೆ. ಹಿಮ ಜಾರಿ ಬೀಳಲಿ ಎಂದು. ಅಟ್ಟದಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದರಂತೆ.

ಸೋಗೆಮನೆಯಲ್ಲಿ ಹುಟ್ಟಿದ ನಮಗೆ ಕಣ್ಣು ಹೋದದ್ದೇ ಮಾಡಿನ ಮೇಲೆ. ನಮ್ಮ ಸೋಗೆ ವರ್ಷವರ್ಷವೂ ಹೊದಿಸುವಂಥದು. ಅವರ ಹುಲ್ಲು ಮೂವತ್ತು-ನಲವತ್ತು ವರ್ಷ ಬಾಳುತ್ತದೆ, ಆದರೆ ಬದಲಿಸುವಾಗ ಊರಿಗೆ ಊರೇ ಮಾಡು ಹತ್ತಬೇಕು. ಇದಕ್ಕೆ ‘ಯುಯಿ’ ಎನ್ನುತ್ತಾರೆ. ನಮ್ಮ ಮುಯ್ಯಾಳೇ ಸರಿ! ಈಗ ಕಸಬುದಾರರಿಂದ ಮಾಡಿಸುವುದೂ ಉಂಟು.

ಅಣೆಕಟ್ಟೆಗಳ ಹಿನ್ನೀರಿಗೆ ಆ ಸೀಮೆಯ ಹಳ್ಳಿಗಳು ಹೋಗಿ, ಉಳಿದ ಮನೆಗಳೂ ಹೊರಗಿನವರ ಪಾಲಾಗುತ್ತಿದ್ದಾಗ, 1971ರಲ್ಲಿ ಊರವರೇ ಸಂಘ ಕಟ್ಟಿ ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು ಎಂದು ಗೊತ್ತುಮಾಡಿದರು. ಯುನೆಸ್ಕೊ ಪಟ್ಟಿಗೆ ಸೇರಿದ್ದು 1995ರಲ್ಲಿ. ಪ್ರವಾಸಿಗರ ಗದ್ದಲ ಅಲ್ಲೂ ತಲೆನೋವೇ. ಚಳಿಗಾಲದ ದೀಪಾಲಂಕಾರ ನೋಡಲು 2019ರಿಂದ ಮುಂಗಡ ಕಾಯ್ದಿರಿಸಬೇಕಾಗಿದೆ.

ನಮ್ಮಲ್ಲಿ ತೋಟ ಕೈಬದಲಾದ ಸುದ್ದಿ ತಿಳಿಯುವುದೇ ರೆಸಾರ್ಟಿನ ಬೋರ್ಡು ಬಿದ್ದ ಮೇಲೆ. ಹಳ್ಳದ ನೀರು ಕಡಿಮೆಯಾದಾಗ ಕೆಳಗಿನ ತೋಟದವರು ಯಾರನ್ನು ಕೇಳಬೇಕು? ಹಾಗೆಂದು ಸಾಲದಲ್ಲಿ ಮುಳುಗಿದವರಿಗೆ ಮಾರಬೇಡಿ ಎಂದು ಬರೀ ಬಾಯಿಮಾತು ಹೇಳುವುದೂ ನ್ಯಾಯವಲ್ಲ. ಮಾರಲೇಬೇಕಾದವರು ಮೊದಲು ಸಂಘಕ್ಕೆ ತಿಳಿಸಲಿ. ಪಕ್ಕದ ಬೆಳೆಗಾರರು ಕೊಳ್ಳುವುದಾದರೆ ಸಾಲಕ್ಕೆ ಸಂಘ ದಾರಿ ಮಾಡಲಿ. ಈ ಠರಾವನ್ನು ಮುಂದಿನ ಮಹಾಸಭೆಯಲ್ಲಿ ಮಂಡಿಸಲಿದ್ದೇವೆ. ವಿರೋಧವಿರುವ ಸದಸ್ಯರೂ ತಪ್ಪದೆ ಬರಬೇಕು.