ಕೂದಲನ್ನು ಕಾಯಿಸಬೇಕೆ?

ಮಳೆಗಾಲದಲ್ಲಿ ಗಿಡ್ಡ ಕೂದಲು ಕೆದರಿ ನಿಲ್ಲುವುದು ಪ್ರಕೃತಿನಿಯಮ. 1783ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಯೂರ್ ವಿವರಿಸಿದ ಆರ್ದ್ರತಾಮಾಪಕದ ಜೀವಾಳವೇ ಕೂದಲಿನ ಎಳೆ. ತೇವವು ಕೆರಾಟಿನ್ ಅಣುಗಳ ನಡುವಣ ಜಲಜನಕ ಬಂಧಗಳನ್ನು ಸಡಿಲಿಸುತ್ತದೆ. ಒಣಗುವಾಗ ಕೂದಲು ಯಾವ ಆಕಾರದಲ್ಲಿರುವುದೋ ಅದರಲ್ಲಿಯೇ ಅವು ಮತ್ತೆ ಬೆಸೆಯುತ್ತವೆ. ಹೀಗಿರುವಾಗ 200 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕಿ ಕಾಯಬಲ್ಲ ಸ್ಟ್ರೈಟ್ನರಿನ ಅಗತ್ಯವೇನು? ಅದು ಒದ್ದೆ ಕೂದಲಿಗೆ ತಗಲಿದರೆ ಒಳಗಿನ ನೀರು ಆವಿಯಾಗಿ, ಎಳೆಯಲ್ಲಿ ಗುಳ್ಳೆಗಳೆದ್ದು, ಎಳೆ ಮುರಿಯುತ್ತದೆ. ನಿರ್ಜೀವವಾದ ಆ ಎಳೆ ತಾನಾಗಿ ದುರಸ್ತಿಯಾಗದು. ಇಷ್ಟಾಗಿ, ಕಾಯಿಸಿ ಪಡೆದ ನುಣುಪೂ ತೇವದ ಗಾಳಿಗೆ ಅಳಿಯುವಂಥದೇ!

ಒದ್ದೆ ಕೂದಲನ್ನು ಮೆಲ್ಲನೆ ಬಾಚಿ, ಮೆತ್ತನೆಯ ವಸ್ತ್ರ ಕಟ್ಟಿ ಒಣಗಲು ಬಿಡಿರಿ. ಬಳಿಕ ಎರಡು ಹನಿ ಕೊಬ್ಬರಿ ಎಣ್ಣೆ ಸವರಿರಿ. ಅದು ತೇವದ ಪ್ರವೇಶವನ್ನು ನಿಧಾನಗೊಳಿಸುತ್ತದೆ. ಇದಕ್ಕೆ ತೆರಬೇಕಾದ ಬೆಲೆ ತುಸು ತಾಳ್ಮೆ. ವಿದ್ಯಾರ್ಥಿಗಳು ಅದನ್ನು ತೆರುವುದೇ ವಿವೇಕವೆಂದು ನನ್ನ ಮತ.